ಕಂಬಕ್ಕೆ ಕಟ್ಟಿದ ಲೈಟರ್

ತಿರುಪ್ಪೂರಿನಲ್ಲಿ ಸಂಜೆಯಾದ ಮೇಲೆ ಬೇಕರಿ ಅಂದರೆ ಟೀ ಅಂಗಡಿ. ಬನಿಯನ್ ಕಂಪನಿಗಳ ಶಿಫ್ಟು ಬಿಟ್ಟವರು, ಶಿಫ್ಟಿಗೆ ಹೊರಟವರು, ಮಧ್ಯೆ ಹತ್ತು ನಿಮಿಷ ಕದ್ದು ಬಂದವರು ಎಲ್ಲರೂ ಅಲ್ಲೇ. ಕೊಯಮತ್ತೂರಿನಿಂದ ಇಲ್ಲಿಯವರೆಗೂ ಇದೇ ಕತೆ. ಇಂಥ ಎಷ್ಟೋ ಬೇಕರಿಗಳ ಬೋರ್ಡಿನ ಮೇಲೆ ‘ಅಯ್ಯಂಗಾರ್’ ಅಂತಿರುತ್ತದೆ, ಗಲ್ಲಾದಲ್ಲಿ ಹಾಸನದ ಕಡೆಯ ಗೌಡರ ಮಗ ಕೂತಿರುತ್ತಾನೆ. ಅಂಥದೊಂದು ಬೇಕರಿಯಲ್ಲಿ ಕೇಳಿದ ಮಾತು ಇದು. ಒಬ್ಬ, ಅರಕಲಗೂಡು ತಾಲ್ಲೂಕಿನಿಂದ ಬಂದ ಬೇಕರಿಯವನು. ಇನ್ನೊಬ್ಬರು ಕೊಯಮತ್ತೂರಿನ ದೇವಾಂಗ ಸಮುದಾಯದ ಯಜಮಾನರು. ಸ್ಪಿನ್ನಿಂಗ್ ಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದು ಈಗ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಮನೆಮಾತು ಕನ್ನಡ, ಓದುಬರಹವೆಲ್ಲ ತಮಿಳು. ಅವರ ಕನ್ನಡ ಬೇಕರಿಯವನಿಗೆ ಅಜ್ಜಿಯ ಮಾತಿನಂತೆ ಕೇಳಿಸುತ್ತದೆ, ಇವನದು ಅವರಿಗೆ ಸಿನಿಮಾ ಮಾತು. ಬರೆಯುವಾಗ ಎರಡನ್ನೂ ಕೊಂಚ ಹತ್ತಿರಕ್ಕೆ ಎಳೆದಿದ್ದೇನೆ.

ಯಜಮಾನರು: ಆ ಲೈಟರ್ ಯಾಕಪ್ಪ ನೇಣು ಹಾಕಿದ್ದೀಯ?

ಬೇಕರಿಯವನು: ಅದಾ? ದಾರ ಕಟ್ಟದಿದ್ರೆ ದಿನಕ್ಕೊಂದು ಮಾಯ ಆಗುತ್ತೆ ಯಜಮಾನ್ರೇ. ಹಚ್ಚಿಕೊಳ್ತಾರೆ, ಹಾಗೇ ಜೇಬಿಗೆ ಹಾಕ್ಕೊಳ್ತಾರೆ. ಕಂಬಕ್ಕೆ ಕಟ್ಟಿದ ಮೇಲೆ ನಿಶ್ಚಿಂತೆ.

ಯಜಮಾನರು: ನಮ್ಮ ಮಿಲ್ಲಲ್ಲಿ ಇದರ ಉಲ್ಟಾ ಇತ್ತು. ಗೇಟಲ್ಲಿ ವಾಚ್‌ಮನ್ ಜೇಬು ತಡಕೋನು. ಬೀಡಿ ಕಟ್ಟು ಸಿಕ್ಕಿದ್ರೆ ಏನೂ ಅನ್ನೋನಲ್ಲ. ಬೆಂಕಿಪೊಟ್ಟಣ ಸಿಕ್ಕಿತೋ, ಕಿತ್ತು ಅಲ್ಲೇ ಒಂದು ತಗಡಿನ ಡಬ್ಬಕ್ಕೆ ಹಾಕೋನು. ಕಕ್ಕಸಿನಲ್ಲಿ ಕದ್ದು ಬೀಡಿ ಸೇದಿ ಸಿಕ್ಕಿಬಿದ್ದವನಿಗೆ ಸಸ್ಪೆಂಡು. ಯೂನಿಯನ್ನಿನವರೂ ಅವನ ಪರ ಮಾತಾಡ್ತಿರಲಿಲ್ಲ.

ಬೇಕರಿಯವನು: ಆ ಕಾಲಕ್ಕೇ ಅಷ್ಟು ಆರೋಗ್ಯದ ಕಾಳಜಿ ಇತ್ತಾ?

ಯಜಮಾನರು: ಇತ್ತು, ಹತ್ತಿಯ ಆರೋಗ್ಯದ ಕಾಳಜಿ. ಬ್ಲೋ ರೂಮಿನಲ್ಲಿ ಹತ್ತಿ ಬಿಡಿಸ್ತಾರಲ್ಲ, ಗಾಳಿಯಲ್ಲೆಲ್ಲ ಎಳೆ ತೇಲ್ತಿರುತ್ತೆ. ಗೋಡೆ ಮೇಲೆ, ಪೈಪಿನ ಮೇಲೆ, ನಮ್ಮ ಹುಬ್ಬಿನ ಮೇಲೆ. ಒಂದು ಕಿಡಿ ಬಿದ್ರೆ ಸಾಕು, ಬೆಂಕಿ ಎಳೆ ಹಿಡ್ಕೊಂಡು ಸೂರಿನ ತನಕ ಓಡುತ್ತೆ. ಕೊಯಮತ್ತೂರಿನಲ್ಲಿ ಸ್ಟೇನ್ಸ್ ದೊರೆ ಮೊದಲ ಮಿಲ್ಲು ಕಟ್ಟಿದ್ದು 1888ರಲ್ಲಿ. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ ದೇಶದ ಕಾನೂನು ಬಂದದ್ದು 2003ರಲ್ಲಿ, ಅದರ ನಿಯಮ ಬಿಗಿಯಾಗಿದ್ದು 2008ರ ಗಾಂಧಿ ಜಯಂತಿಯಿಂದ. ಹತ್ತಿಯ ಮೂಟೆಗೆ ಮೊದಲೇ ಸಿಕ್ಕಿದ್ದ ರಕ್ಷಣೆ ಮನುಷ್ಯನಿಗೆ ಸಿಗೋಕೆ ಅಷ್ಟು ದಿನ ಬೇಕಾಯ್ತು.

ಬೇಕರಿಯವನು: ಏನೇ ಆಗ್ಲಿ, ನಿಮ್ಮ ಎದೆಗೂ ಒಳ್ಳೇದೇ ಆಯ್ತಲ್ಲ. ದಿನಕ್ಕೆ ಎಂಟು ಗಂಟೆ ಬೀಡಿ ಇಲ್ಲ.

ಯಜಮಾನರು: ಬೀಡಿ ಇಲ್ಲ ಅಂದ್ರೆ ತಂಬಾಕು ಇಲ್ಲ ಅಂತಲ್ಲ ತಮ್ಮಾ. ಹೊಗೆಸೊಪ್ಪು ಇತ್ತಲ್ಲ. ಹೆಸರಲ್ಲಿ ಮಾತ್ರ ಹೊಗೆ. ಕೆನ್ನೆ ಒಳಗೆ ಒತ್ತರಿಸಿದ್ರೆ ಯಾವ ವಾಚ್‌ಮನ್‌ಗೂ ಕಾಣಲ್ಲ. ನಾನು ಹದಿನೆಂಟಕ್ಕೆ ಮಿಲ್ಲಿನ ಕಾರ್ಡಿಂಗ್ ವಿಭಾಗಕ್ಕೆ ಸೇರಿದಾಗ ನನಗೆ ಅದನ್ನ ಮೊದಲು ಕೊಟ್ಟವರು ನಮ್ಮ ಮೇಸ್ತ್ರಿ. ಬಾಯಲ್ಲಿ ಎಂಜಲು ಊರ್ತಾ ಇದ್ರೆ ಹತ್ತಿ ಧೂಳು ಗಂಟಲಿಗೆ ಇಳಿಯಲ್ಲ ಕಣೋ ಅಂತ. ಎಲ್ಲರೂ ನಂಬಿದ್ದ ಮಾತು ಅದು. ಮೂಗಿನಿಂದ ಹೋಗೋ ಧೂಳಿಗೆ ಬಾಯಲ್ಲಿ ಕಾವಲು! ಆದ್ರೆ ಮೇಸ್ತ್ರಿಯ ಲೆಕ್ಕ ಬೇರೆ ಇತ್ತು ಅಂತ ನನಗೆ ಆಮೇಲೆ ಹೊಳೀತು. ಬೀಡಿ ಸೇದೋನು ಮೆಷಿನ್ ಬಿಟ್ಟು ಹತ್ತು ನಿಮಿಷ ಹೊರಗೆ ಹೋಗಬೇಕು. ಹೊಗೆಸೊಪ್ಪು ಹಾಕೋನು ಮೆಷಿನ್ ಮುಂದೇನೇ ಇರ್ತಾನೆ. ರಾತ್ರಿ ಪಾಳಿಯಲ್ಲಿ ಹಸಿವೂ ಆಗಲ್ಲ, ನಿದ್ದೇನೂ ಬರಲ್ಲ.

ಬೇಕರಿಯವನು: ಇಲ್ಲಿ ಟೈಲರುಗಳೂ ಅದನ್ನೇ ಹೇಳ್ತಾರೆ. ಪೀಸ್ ರೇಟಲ್ಲವಾ, ಎದ್ದು ಹೋದ್ರೆ ಲಾಸು. ಅದಕ್ಕೇ ತುಟಿ ಒಳಗಿಡೋದು. ಬಿಹಾರದವರು, ಒಡಿಶಾದವರು ಬಂದ ಮೇಲೆ ಅಂಗೈಯಲ್ಲಿ ಸುಣ್ಣ ಹಾಕಿ ಉಜ್ಜೋ ಖೈನಿ ಬಂತು. ಈಗಿನ ಹುಡುಗರದ್ದು ಕೂಲ್ ಲಿಪ್. ಟೀ ಬ್ಯಾಗ್ ಥರ ಸಣ್ಣ ಪೊಟ್ಟಣ, ತುಟಿ ಕೆಳಗೆ ಇಟ್ಕೊಂಡ್ರೆ ಮೇಷ್ಟ್ರಿಗೂ ಗೊತ್ತಾಗಲ್ಲ, ವಾಸನೇನೂ ಪುದೀನದ್ದು.

ಯಜಮಾನರು: ಅದರದ್ದೇ ವಿಚಾರ 2024ರಲ್ಲಿ ಮದುರೆಯ ಹೈಕೋರ್ಟ್ ಪೀಠದ ಮುಂದೆ ಬಂದಿತ್ತು. ತಮಿಳುನಾಡಲ್ಲಿ ಇದು ನಿಷೇಧ, ಆದ್ರೂ ಸ್ಕೂಲು ಹುಡುಗರ ಜೇಬಲ್ಲಿ ಸಿಗುತ್ತೆ. ಹಾಗಾದ್ರೆ ದೇಶಕ್ಕೆಲ್ಲ ಯಾಕೆ ನಿಷೇಧ ಮಾಡಬಾರದು ಅಂತ ನ್ಯಾಯಮೂರ್ತಿಗಳು ಕೇಳಿದ್ರು. ಮಾಲು ಬರೋದು ಎಲ್ಲಿಂದ ಅಂತ ನಿನಗೇನು ಹೇಳಬೇಕಾ?

ಬೇಕರಿಯವನು: ನಮ್ಮೂರಿಂದ. ಪೇಪರಲ್ಲಿ ಬರ್ತಾನೇ ಇರುತ್ತಲ್ಲ, ಬೆಂಗಳೂರಿಂದ ಬಂದ ಲಾರಿ, ತರಕಾರಿ ಕೆಳಗೆ ಹಾನ್ಸು ತಂಬಾಕು. ನಾನು ಅದನ್ನ ಮುಟ್ಟಲ್ಲ ಯಜಮಾನ್ರೇ, ಆಣೆ. ಸಿಗರೇಟು ಒಂದೇ. ಅದು ಲೀಗಲ್ಲು.

ಯಜಮಾನರು: ಇಲ್ಲಿ ಗುಟ್ಕಾ ಮೊದಲು ನಿಷೇಧ ಆದದ್ದು 2001ರಲ್ಲಿ. ಆಮೇಲೆ ಆಹಾರ ಸುರಕ್ಷತೆ ಕಾನೂನಿನ ಕೆಳಗೆ 2013ರಿಂದ ವರ್ಷ ವರ್ಷ ಆದೇಶ. 2023ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅದನ್ನ ರದ್ದು ಮಾಡ್ತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೇ ತಡೆ ಕೊಟ್ಟಿತು. ನಿಷೇಧ ಇದ್ದಾಗಲೇ, 2018ರಲ್ಲಿ, ನಮ್ಮ ಸೂಲೂರು ಪಕ್ಕದ ಕಣ್ಣಂಪಾಳಯದಲ್ಲಿ ಗುಟ್ಕಾ ತಯಾರಿಸೋ ಕಾರ್ಖಾನೆಯೇ ಸಿಕ್ಕಿತ್ತು. ನಿಮ್ಮ ಕಡೆ ಇನ್ನೊಂದು ಜಾಣತನ ಉಂಟಲ್ಲ, ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಬೇರೆ ಬೇರೆ ಮಾರಿದ್ರೆ ಗುಟ್ಕಾ ಅಲ್ಲ. ಕೊಂಡವನು ಬಾಯಲ್ಲಿ ಸೇರಿಸ್ಕೋಬೇಕು.

ಬೇಕರಿಯವನು: ನಮ್ಮ ಕಡೆ ಅಂತ ನಮ್ಮನ್ನೇ ಬೈತೀರಲ್ಲ, ನಿಮ್ಮ ಸೀಮೆ ಹೊಗೆಸೊಪ್ಪಿಗೆ ಹೆಸರುವಾಸಿ ಅಂತ ನೀವೇ ಹೋದ ವಾರ ಹೇಳಿದ್ರಿ.

ಯಜಮಾನರು: ಸುಳ್ಳಲ್ಲ. ಅವಿನಾಶಿ, ಪುಳಿಯಂಪಟ್ಟಿ ಸುತ್ತಮುತ್ತ ಬಾವಿ ನೀರು ಉಪ್ಪುಪ್ಪು. ಬೇರೆ ಬೆಳೆಗೆ ಆಗದ ಆ ನೀರು ಅಗಿಯೋ ಹೊಗೆಸೊಪ್ಪಿಗೆ ಅಮೃತ. ಖಾರ, ಘಾಟು ಅದರಿಂದಲೇ. 1800ರಲ್ಲಿ ಬುಕಾನನ್ ಅನ್ನೋ ದೊರೆ ಈ ದಾರಿಯಲ್ಲಿ ಹೋದಾಗಲೇ ಇಲ್ಲಿನ ಹೊಗೆಸೊಪ್ಪಿನ ಬೇಸಾಯದ ಬಗ್ಗೆ ಬರೆದಿಟ್ಟಿದ್ದಾನೆ. ಸೊಪ್ಪು ಪಾಲಕ್ಕಾಡು ಕಣಿವೆ ದಾಟಿ ಮಲಬಾರಿಗೆ ಹೋಗ್ತಿತ್ತು. ಕಂಪನಿ ಸರ್ಕಾರ ಆ ವ್ಯಾಪಾರ ತನ್ನೊಬ್ಬನದೇ ಅಂತ ಮಾಡಿಕೊಂಡ ಮೇಲೆ ದುಡ್ಡು ಎಷ್ಟು ಹರಿದಾಡ್ತು ಅಂದ್ರೆ, ಕೊಯಮತ್ತೂರು ಖಜಾನೆಯ ಅವ್ಯವಹಾರ ವಿಚಾರಿಸೋಕೆ 1815ರಲ್ಲಿ ಥಾಮಸ್ ಮನ್ರೋ ಬರಬೇಕಾಯ್ತು. ಜೊತೆಗೆ ಬಂದವನು ಸಲ್ಲಿವನ್. ಆಮೇಲೆ ಊಟಿ ಕಟ್ಟಿದನಲ್ಲ, ಅವನೇ. ನೋಡು, ತಂಬಾಕಿನ ದುಡ್ಡಿನ ರುಚಿ ಮೊದಲು ಹತ್ತಿದ್ದು ಸರ್ಕಾರಕ್ಕೆ.

ಬೇಕರಿಯವನು: ನಮ್ಮಪ್ಪನಿಗೆ ಹೇಳಿದ್ರೆ ಖುಷಿಪಡ್ತಾರೆ. ನಮ್ಮದು ಬ್ಯಾರನ್ ಇದೆ ಯಜಮಾನ್ರೇ.

ಯಜಮಾನರು: ಬ್ಯಾರನ್ ಅಂದ್ರೆ?

ಬೇಕರಿಯವನು: ತಂಬಾಕು ಬೇಯಿಸೋ ಮನೆ. ಸಿಗರೇಟಿಗೆ ಹೋಗೋ ಎಲೆ ಅದು, ನಿಮ್ಮ ಅಗಿಯೋ ಸೊಪ್ಪಲ್ಲ. ಹುಣಸೂರು, ಪಿರಿಯಾಪಟ್ಟಣ, ನಮ್ಮ ಅರಕಲಗೂಡು ಎಲ್ಲ ಅದೇ ಬೆಳೆ. ತಂಬಾಕು ಮಂಡಳಿ ಲೈಸೆನ್ಸ್ ಕೊಡುತ್ತೆ, ರಾಮನಾಥಪುರದ ಹರಾಜಿಗೆ ಬೇಲು ಕಟ್ಟಿ ಒಯ್ಯಬೇಕು. ಎಲೆ ಕಡ್ಡಿಗೆ ಪೋಣಿಸಿ ಬ್ಯಾರನ್ ಒಳಗೆ ತೂಗು ಹಾಕಿ ಐದಾರು ದಿನ ಹಗಲು ರಾತ್ರಿ ಸೌದೆ ಉರಿಸಬೇಕು. ಒಂದು ಕೆಜಿ ಒಣ ಎಲೆಗೆ ನಾಲ್ಕೈದು ಕೆಜಿ ಸೌದೆ. ಮಳೆಯಲ್ಲಿ ನೆಂದ ಎಲೆ ಮುರಿದ ದಿನ ಅಮ್ಮ ರಾತ್ರಿ ವಾಂತಿ ಮಾಡ್ಕೊಳ್ಳೋರು, ತಲೆ ಸುತ್ತು. ಪಿತ್ತ ಅಂತಿದ್ವಿ.

ಯಜಮಾನರು: ಪಿತ್ತ ಅಲ್ಲವಾ?

ಬೇಕರಿಯವನು: ನಿಕೋಟಿನ್ ಅಂತೆ. ಒದ್ದೆ ಎಲೆಯಿಂದ ಚರ್ಮದ ಮೂಲಕ ಮೈಗೆ ಇಳಿಯುತ್ತೆ. ಅಮ್ಮ ಒಂದು ದಿನಾನೂ ಸೇದಿದವರಲ್ಲ, ಅಗಿದವರಲ್ಲ. ನಾನು ಆ ಹೊಲ ಬೇಡ ಅಂತಲೇ ಮಾವನ ಜೊತೆ ಬೇಕರಿಗೆ ಬಂದೆ. ಬಂದು ನೋಡಿದ್ರೆ ಅಪ್ಪನ ಎಲೆಯೇ ನನಗಿಂತ ಮುಂಚೆ ಬಂದು ಶೆಲ್ಫಿನಲ್ಲಿ ಕೂತಿದೆ.

ಯಜಮಾನರು: ಇದನ್ನ ಮಾರದಿದ್ರೆ?

ಬೇಕರಿಯವನು: ಬಾಗಿಲು ಹಾಕಬೇಕು. ಸಿಗರೇಟಲ್ಲಿ ಸಿಗೋ ಲಾಭ ಏನೇನೂ ಅಲ್ಲ. ಆದ್ರೆ ಒಂದು ಸಿಗರೇಟು ಒಂದು ಟೀ ಕರ್ಕೊಂಡು ಬರುತ್ತೆ, ಟೀ ಒಂದು ಪಫ್ಸ್ ಕರ್ಕೊಂಡು ಬರುತ್ತೆ. ನಾನು ಇಲ್ಲ ಅಂದ್ರೆ ಆ ಮೂರೂ ಪಕ್ಕದ ಬೇಕರಿಗೆ ಹೋಗುತ್ತೆ, ನಾಲ್ಕು ಜನ ಸ್ನೇಹಿತರ ಸಮೇತ.

ಯಜಮಾನರು: ಮಿಲ್ಲಲ್ಲಿ ಆ ಪಂಚಾಯ್ತಿ ಇರಲಿಲ್ಲ. ಬೆಂಕಿಪೊಟ್ಟಣ ಕಿತ್ಕೊಂಡ್ರು ಅಂತ ಯಾರಾದ್ರೂ ಬೇರೆ ಮಿಲ್ಲಿಗೆ ಹೋದ್ರಾ? ಎಲ್ಲಿಗೆ ಹೋಗ್ತಾರೆ, ಪೀಳಮೇಡು, ಸಿಂಗಾನಲ್ಲೂರು ಎಲ್ಲಿ ಹೋದ್ರೂ ಗೇಟಲ್ಲಿ ಅದೇ ಡಬ್ಬ. ಒಬ್ಬ ಅಂಗಡಿಯವನು ಒಳ್ಳೆಯವನಾದ್ರೆ ಅವನ ಗಿರಾಕಿ ಹೋಗುತ್ತೆ. ಬೀದಿಗೆ ಬೀದಿಯೇ ಕಾನೂನಿನ ಪ್ರಕಾರ ನಡೆದ್ರೆ ಯಾರಿಗೂ ನಷ್ಟ ಇಲ್ಲ. ಅದಕ್ಕೆ ನಿನ್ನನ್ನ ನಾನು ಪಾಪಿ ಅನ್ನಲ್ಲ. ಆದ್ರೆ ಒಂದು ಕೇಳ್ತೀನಿ: ಬೋರ್ಡೆಲ್ಲಿ?

ಬೇಕರಿಯವನು: ಯಾವ ಬೋರ್ಡು?

ಯಜಮಾನರು: ಹದಿನೆಂಟರ ಒಳಗಿನವರಿಗೆ ಮಾರಲ್ಲ ಅಂತ ಒಂದು, ಇಲ್ಲಿ ಸೇದೋದು ಅಪರಾಧ ಅಂತ ಇನ್ನೊಂದು. ಅರವತ್ತು ಸೆಂಟಿಮೀಟರ್‌ಗೆ ಮೂವತ್ತು.

ಬೇಕರಿಯವನು: ಬಣ್ಣ ಹೊಡೆಯುವಾಗ ಇಳಿಸಿದ್ದೆ... ಫ್ರಿಡ್ಜಿನ ಹಿಂದೆ ಇರಬೇಕು. ಸ್ಕೂಲಿಂದ ಮಾತ್ರ ನೂರು ಗಜ ದಾಟುತ್ತೆ ಅಂಗಡಿ. ನಾನೇ ಹೆಜ್ಜೆ ಹಾಕಿ ಅಳೆದಿದ್ದೀನಿ.

ಯಜಮಾನರು: ಯಾರ ಹೆಜ್ಜೆ? ನಿನ್ನದಾ, ಒಂದನೇ ಕ್ಲಾಸಿನ ಮಗುವಿನದಾ?

ಬೇಕರಿಯವನು: (ನಗುತ್ತ) ಸಿಕ್ಕಿಹಾಕಿಸಬೇಡಿ.

ಯಜಮಾನರು: ಇನ್ನೊಂದು ಹೇಳ್ತೀನಿ. 2008ರ ನಿಯಮದಲ್ಲೇ ಉಂಟು, ಇಂಥ ಜಾಗದಲ್ಲಿ ಆ್ಯಷ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಏನನ್ನೂ ಒದಗಿಸಬಾರದು. ಸಿಗರೇಟು ಮಾರೋದು ಲೀಗಲ್ಲು ಅಂದೆಯಲ್ಲ, ಕಂಬದ ಮೇಲಿರೋದು ಅಲ್ಲ. ಇದೆಲ್ಲ ಮೊಮ್ಮಗಳು ಹೇಳಿಕೊಟ್ಟದ್ದು. ಡೆಂಟಲ್ ಓದ್ತಾಳೆ.

ಬೇಕರಿಯವನು: ಇನ್ನೂರು ರೂಪಾಯಿ ದಂಡ ಅಲ್ವಾ? ವರ್ಷಕ್ಕೊಂದು ಸಲ ಬಂದು ಬರ್ಕೊಂಡು ಹೋಗ್ತಾರೆ. ಕರ್ನಾಟಕದಲ್ಲಿ 2025ರಲ್ಲಿ ಅದನ್ನ ಸಾವಿರ ಮಾಡಿದ್ರು, ವಯಸ್ಸು ಇಪ್ಪತ್ತೊಂದು ಮಾಡಿದ್ರು. ಬಿಡಿ ಸಿಗರೇಟು ಮಾರಬಾರದು ಅಂತ 2017ರಲ್ಲೇ ಮಾಡಿದ್ರು. ಊರಿಗೆ ಹೋದಾಗ ಬಸ್ ಸ್ಟ್ಯಾಂಡಲ್ಲಿ ನೋಡಿದೆ, ಬಿಡಿಬಿಡಿಯಾಗೇ ಮಾರ್ತಿದ್ರು.

ಯಜಮಾನರು: ಅದೇ ದೊಡ್ಡ ತೂತು. 2016ರಿಂದ ಪ್ಯಾಕಿನ ನೂರಕ್ಕೆ ಎಂಬತ್ತೈದು ಭಾಗ ಎಚ್ಚರಿಕೆ ಚಿತ್ರ, ಕ್ಯಾನ್ಸರ್ ಗಂಟಲು, ಕೊಳೆತ ಬಾಯಿ. ಆ ಚಿತ್ರ ಇಡೀ ದಿನ ಯಾರು ನೋಡ್ತಾರೆ? ನೀನು. ಗಿರಾಕಿಗೆ ನೀನು ಕೊಡೋದು ಬೆಳ್ಳಗಿನ ಒಂದು ಕಡ್ಡಿ.

ಬೇಕರಿಯವನು: ನನಗೆ ಅಭ್ಯಾಸ ಆಗಿಬಿಟ್ಟಿದೆ ಯಜಮಾನ್ರೇ. ಕ್ಯಾಲೆಂಡರಿನ ದೇವರ ಫೋಟೋ ಥರ. ಅಲ್ಲ, ಒಂದು ಮಾತು. ಕ್ಯಾನ್ಸರ್ ಕ್ಯಾನ್ಸರ್ ಅಂತಾರೆ. ನಾನು ಕಂಡ ಹಾಗೆ ಹಳಬರು ಎಷ್ಟೋ ಜನ ಸೇದಿಕೊಂಡೇ ಎಂಬತ್ತು ದಾಟಿದ್ದಾರೆ.

ಯಜಮಾನರು: ದಾಟಿದವರು ಬಂದು ಟೀ ಕುಡೀತಾರೆ, ನಿನಗೆ ಕಾಣ್ತಾರೆ. ದಾಟದವರು ಬರ್ತಾರಾ? ನನ್ನ ಜೊತೆ ಕಾರ್ಡಿಂಗಲ್ಲಿ ಒಬ್ಬನಿದ್ದ. ಗೇಟು ದಾಟಿದ ತಕ್ಷಣ ಡಬ್ಬದಿಂದ ಬೆಂಕಿಪೊಟ್ಟಣ ಎತ್ತಿ ಬೀಡಿ ಹಚ್ಚೋನು, ಎಂಟು ಗಂಟೆಯದನ್ನ ಒಂದು ಗಂಟೆಯಲ್ಲಿ ಸೇದೋನು. ಭಾನುವಾರ ರಜ ಮುಗಿಸಿ ಸೋಮವಾರ ಬಂದ ಅಂದ್ರೆ ಎದೆ ಬಿಗಿತ. ಹತ್ತಿ ಧೂಳಿನ ಕಾಯಿಲೆ ಅದು, ಬಿಸಿನೋಸಿಸ್. ಸೋಮವಾರ ಜೋರು, ವಾರ ಕಳೆದ ಹಾಗೆ ಇಳಿಯುತ್ತೆ, ವರ್ಷ ಕಳೆದ ಹಾಗೆ ವಾರಪೂರ್ತಿ ಉಳಿಯುತ್ತೆ. ಸೇದೋರಿಗೆ ಇನ್ನೂ ಜಾಸ್ತಿ. ಕೊನೆಗೆ ಅವನನ್ನ ಕೊಂಡು ಹೋದದ್ದು ಟಿಬಿ. ನಲವತ್ತೆಂಟು ವಯಸ್ಸು. ಟಿಬಿಯಿಂದ ಸತ್ತ ಅಂತ ಬರೆದ್ರು, ಬೀಡಿಯಿಂದ ಅಂತ ಯಾರೂ ಬರೀಲಿಲ್ಲ.

ಬೇಕರಿಯವನು: ಟಿಬಿ ಬರೋದು ಕ್ರಿಮಿಯಿಂದ ತಾನೇ?

ಯಜಮಾನರು: ಕ್ರಿಮಿ ಎಷ್ಟೋ ಜನರ ಎದೆಯಲ್ಲಿ ಸುಮ್ಮನೆ ಮಲಗಿರುತ್ತೆ. ಹೊಗೆ ಅದನ್ನ ಏಳಿಸಬಹುದು. ಚೆನ್ನೈನ ಡಾಕ್ಟರ್ ಗಜಲಕ್ಷ್ಮಿ ಮತ್ತೆ ಅವರ ಜೊತೆಯವರು ತಮಿಳುನಾಡಲ್ಲಿ ಸತ್ತ 43 ಸಾವಿರ ಗಂಡಸರ ಮನೆಯವರನ್ನ ಕೇಳಿದ್ರು, ಇವರು ಸೇದ್ತಿದ್ರಾ ಅಂತ. ಬದುಕಿರೋ 35 ಸಾವಿರ ಗಂಡಸರ ಜೊತೆ ಹೋಲಿಸಿದ್ರು. 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು ಅದು. ಸೇದೋರು ಟಿಬಿಯಿಂದ ಸಾಯೋದು ಸೇದದವರ ನಾಲ್ಕರಷ್ಟು. ದೇಶದಲ್ಲಿ ಟಿಬಿಯಿಂದ ಸಾಯೋ ಗಂಡಸರಲ್ಲಿ ಅರ್ಧದಷ್ಟು ಸಾವಿಗೆ ಹೊಗೆ ಕಾರಣ ಅಂತ ಲೆಕ್ಕ ಬಂತು. ಮೊಮ್ಮಗಳು ಓದಿ ಹೇಳಿದಾಗ ನನಗೆ ಕಂಡದ್ದು ಆ ತಗಡಿನ ಡಬ್ಬ. ಹತ್ತಿಯನ್ನ ಉಳಿಸಿಕೊಂಡ ಡಬ್ಬ ಅವನನ್ನ ಉಳಿಸ್ಲಿಲ್ಲ.

ಬೇಕರಿಯವನು: ಮತ್ತೆ ನೀವು? ಹೊಗೆಸೊಪ್ಪು ಬಿಟ್ಟದ್ದು ಹೇಗೆ?

ಯಜಮಾನರು: ಮೂರು ಸಲ ಬಿಟ್ಟೆ. ಮೊದಲ ಸಲ ವಿಜಯದಶಮಿ ದಿನ. ಕೊಯಮತ್ತೂರಿನಲ್ಲಿ ನಮ್ಮವರು ಚೌಡೇಶ್ವರಿ ಅಮ್ಮನ ಮುಂದೆ ಅಲಗು ಸೇವೆ ಮಾಡ್ತಾರಲ್ಲ, ಕತ್ತಿಯಿಂದ ಮೈಗೆ ಹೊಡ್ಕೊಂಡು. ರಕ್ತದ ಮೇಲೆ ಭಂಡಾರ ಹಚ್ಚಿಸ್ಕೊಂಡು, ಇನ್ನು ಮುಟ್ಟಲ್ಲ ತಾಯೇ ಅಂದೆ. ದೀಪಾವಳಿ ತನಕ ನಿಂತಿತು. ಕತ್ತಿ ಏಟು ತಡ್ಕೊಂಡವನಿಗೆ ಊಟ ಆದ ಮೇಲಿನ ಐದು ನಿಮಿಷ ತಡ್ಕೊಳ್ಳೋಕಾಗ್ಲಿಲ್ಲ ನೋಡು.

ಬೇಕರಿಯವನು: ಎರಡನೇ ಸಲ?

ಯಜಮಾನರು: ಅದು ಬಿಡು, ಮಗಳ ಹತ್ತಿರ ಸುಳ್ಳು ಹೇಳಿದ್ದೆ. ಮೂರನೇದು ಮೊಮ್ಮಗಳು ಬಾಯಿ ತೆರೆಸಿದಾಗ. ಸೊಪ್ಪು ಒತ್ತರಿಸೋ ಜಾಗದಲ್ಲೇ ಬೆಳ್ಳಗೆ ಒಂದು ಮಚ್ಚೆ, ಸುಣ್ಣ ಮೆತ್ತಿದ ಹಾಗೆ, ಉಜ್ಜಿದ್ರೂ ಹೋಗಲ್ಲ. ಎಲ್ಲ ಮಚ್ಚೆನೂ ಕ್ಯಾನ್ಸರ್ ಆಗಲ್ಲ ತಾತ, ಕೆಲವು ಆಗುತ್ತೆ, ಯಾವುದು ಆಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ ಅಂದ್ಲು. ಒಂದು ಚೂರು ಕತ್ತರಿಸಿ ಟೆಸ್ಟಿಗೆ ಕಳಿಸಿದ್ರು. ಆ ಆರು ದಿನ ನಾನು ಸೊಪ್ಪು ಹಾಕ್ಲಿಲ್ಲ. ರಿಪೋರ್ಟಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಅವತ್ತೇ ಸಂಜೆ ಕೈ ಸೊಪ್ಪಿನ ಪೆಟ್ಟಿಗೆಗೆ ಹೋಯ್ತು, ಖುಷಿಗೆ!

ಬೇಕರಿಯವನು: ಅಯ್ಯೋ!

ಯಜಮಾನರು: ಪೆಟ್ಟಿಗೆಯಲ್ಲಿ ಸೊಪ್ಪೇ ಇಲ್ಲ. ಮೊಮ್ಮಗಳು ಅದರಲ್ಲಿ ಲವಂಗ, ಸೋಂಪು ತುಂಬಿಸಿಟ್ಟಿದ್ಲು, ಜೊತೆಗೆ ಒಂದು ಚೀಟಿಯಲ್ಲಿ ನಂಬರು, 1800-11-2356. ಪ್ಯಾಕಿನ ಮೇಲೂ ಅದೇ ಇರುತ್ತೆ, ನೀನೂ ನೋಡಿರ್ತೀಯ. ಫೋನ್ ಮಾಡಿದೆ. ದಕ್ಷಿಣದ ಭಾಷೆಗಳ ಕರೆಯನ್ನ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಗೊಳ್ತಾರಂತೆ. ತಮಿಳಲ್ಲೇ ಶುರು ಮಾಡಿದೆ, ಕನ್ನಡ ಬರುತ್ತಾ ಅಂದೆ, ಬರುತ್ತೆ ಅಂದ್ರು. ಮನೆ ಹೊರಗೆ ಒಬ್ಬ ಆಫೀಸಿನವರ ಹತ್ತಿರ ನನ್ನ ಮಾತಲ್ಲಿ ಮಾತಾಡಿದ್ದು ಅದೇ ಮೊದಲು. ಬಿಡೋ ದಿನ ಗುರುತು ಹಾಕಿ ಅಂದ್ರು. ಮೊದಲ ಮೂರು ದಿನ ತುಂಬ ಕಷ್ಟ, ಕೆಲವು ವಾರದಲ್ಲಿ ಇಳಿಯುತ್ತೆ, ಆಸೆ ಎದ್ದಾಗ ಐದು ನಿಮಿಷ ಮುಂದೂಡಿ ಅಂದ್ರು. ಮತ್ತೆ ಅವರೇ ಫೋನ್ ಮಾಡಿ ವಿಚಾರಿಸಿದ್ರು. ಮಲಬದ್ಧತೆ, ಸಿಡುಕು, ರಾತ್ರಿ ಎರಡಕ್ಕೆ ಎಚ್ಚರ. ನಿವೃತ್ತಿ ಆಗಿ ವರ್ಷಗಳಾಗಿದ್ರೂ ಬಾಯಿಗೆ ಇನ್ನೂ ರಾತ್ರಿ ಪಾಳಿ ಇತ್ತು ಅಂತ ಆಗ ಗೊತ್ತಾಯ್ತು.

ಬೇಕರಿಯವನು: ಹಾಗಾದ್ರೆ ಜನ ಬಿಡ್ತಾ ಇದ್ದಾರೆ ಅನ್ನಿ.

ಯಜಮಾನರು: ದೇಶದ ಲೆಕ್ಕ ಹಾಗೇ ಹೇಳುತ್ತೆ. 2009-10ರ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ 34.6 ಜನ ಯಾವುದಾದ್ರೂ ತಂಬಾಕು ಬಳಸ್ತಿದ್ರು, 2016-17ರಲ್ಲಿ 28.6. ನಿಮ್ಮ ಕರ್ನಾಟಕ 28.2ರಿಂದ 22.8ಕ್ಕೆ ಇಳೀತು. ನಮ್ಮ ತಮಿಳುನಾಡು?

ಬೇಕರಿಯವನು: ಇನ್ನೂ ಕಮ್ಮಿ ಆಗಿರಬೇಕು. ಇಷ್ಟು ಬ್ಯಾನ್ ಇದೆಯಲ್ಲ.

ಯಜಮಾನರು: 16.2ರಿಂದ 20ಕ್ಕೆ ಏರಿತು.

ಬೇಕರಿಯವನು: ಏರಿತಾ?

ಯಜಮಾನರು: ಆಗಲೂ ನಿಮಗಿಂತ ಕಮ್ಮಿಯೇ, ಆದ್ರೆ ಏರಿದ್ದು ಏರಿದ್ದೇ. ಬ್ಯಾನ್ ಮಾಡಬಾರದು ಅಂತ ನಾನು ಹೇಳ್ತಿಲ್ಲ. ಬೀಡಿ ತಡೆದ್ರು, ಸೊಪ್ಪಿಗೆ ಹೋದ್ವಿ. ಗುಟ್ಕಾ ತಡೆದ್ರು, ಪೊಟ್ಟಣ ಎರಡಾಯ್ತು. ಮಾಲನ್ನ ತಡೆಯೋರು ಇದ್ದಾರೆ, ಬಿಡೋಕೆ ಹೊರಟವನ ಪಕ್ಕ ಕೂರೋರು ಬೇಕಲ್ಲ. ನಮ್ಮ ಮಿಲ್ಲಲ್ಲಿ ನಲವತ್ತು ವರ್ಷ ನನ್ನ ಜೇಬು ನೋಡಿದ್ರು, ಒಂದು ದಿನ ಒಬ್ಬರೂ ನನ್ನ ಬಾಯಿ ನೋಡ್ಲಿಲ್ಲ. ಎರಡು ನಿಮಿಷದ ಕೆಲಸ ಅದು. ನಿನ್ನ ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯೊಳಗೆ ಇಡು, ಹೋಗಬೇಕು. ಹೋಗದಿದ್ರೆ ಒಳಗಿನ ಚರ್ಮ ಗಟ್ಟಿಯಾಗಿ ನಾರಾಗ್ತಿದೆ ಅಂತ. ಅಡಿಕೆ, ಗುಟ್ಕಾ ಹಾಕೋರಿಗೆ ಬರೋದು.

ಬೇಕರಿಯವನು: ಇರಿ... ಹೂಂ, ಹೋಗುತ್ತೆ. ಯಜಮಾನ್ರೇ, ನಮ್ಮ ಗಿರಾಕಿ ಒಬ್ಬ ಇದ್ದಾನೆ, ಕಟಿಂಗ್ ಮಾಸ್ಟರ್. ಮೊದಲೆಲ್ಲ ಬನ್ ಬಟರ್ ಜಾಮ್ ತಿನ್ನೋನು. ಈಗ ಬನ್ನನ್ನ ಸಣ್ಣ ಸಣ್ಣದಾಗಿ ಹರಿದು ಟೀಯಲ್ಲಿ ಅದ್ದಿ ಚಮಚದಲ್ಲಿ ತಿಂತಾನೆ. ಹಲ್ಲು ನೋವು ಅಂದ್ಕೊಂಡಿದ್ದೆ.

ಯಜಮಾನರು: ಎಷ್ಟು ವಯಸ್ಸು?

ಬೇಕರಿಯವನು: ಮೂವತ್ತು ಆಗಿರಬಹುದು.

ಯಜಮಾನರು: ನಾಳೆ ಬಂದ್ರೆ ನನಗೆ ಹೇಳು. ಇಲ್ಲ, ನೀನೇ ಹೇಳು ಅವನಿಗೆ. ನಾನು ಹೇಳಿದ್ರೆ ಮುದುಕ ಅಂತಾನೆ. ನಿನ್ನ ಹತ್ತಿರ ದಿನಾ ನಿಂತು ಮಾತಾಡ್ತಾನಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರ್ ಹತ್ತಿರ ತೋರಿಸು ಅನ್ನು, ಹೆದರಿಸಬೇಡ.

ಬೇಕರಿಯವನು: ಸಿಗರೇಟು ಮಾರೋನು ಹೇಳಿದ್ರೆ ಕೇಳ್ತಾನಾ?

ಯಜಮಾನರು: ನೀನು ಹೇಳಿದ್ರೇನೇ ಕೇಳೋದು. ನಿನಗೆ ಅದರಿಂದ ಲಾಭ ಇಲ್ಲ ಅಂತ ಅವನಿಗೆ ಗೊತ್ತು.

(ರಸ್ತೆಯಾಚೆ ಕಂಪನಿಯ ಗೇಟು ತೆರೆಯಿತು. ಬೇಕರಿಯವನು ಸ್ವಲ್ಪ ಹೊತ್ತು ಕಂಬದ ಕಡೆ ನೋಡಿದ. ಆಮೇಲೆ ಎದ್ದು ದಾರ ಬಿಚ್ಚಿ ಲೈಟರನ್ನು ಗಲ್ಲಾದೊಳಗೆ ಹಾಕಿದ.)

ಬೇಕರಿಯವನು: ಇವತ್ತಿಗೆ ಗ್ಯಾಸ್ ಮುಗಿದಿದೆ ಅಂತ ಹೇಳ್ತೀನಿ.

ಯಜಮಾನರು: ನಾಳೆಗೆ?

ಬೇಕರಿಯವನು: ನಾಳೆ ನೋಡೋಣ. ಮೊದಲು ಫ್ರಿಡ್ಜ್ ಸರಿಸೋಕೆ ಹುಡುಗನಿಗೆ ಹೇಳ್ತೀನಿ, ಬೋರ್ಡು ಸಿಗುತ್ತಾ ನೋಡೋಣ.

(ಒಬ್ಬ ಯುವಕ ಬಂದ. ಒಂದು ಟೀ, ಒಂದು ಸಿಗರೇಟು. ಕೈ ಅಭ್ಯಾಸದಂತೆ ಕಂಬದತ್ತ ಮೇಲೆ ಹೋಯಿತು, ಗಾಳಿಯಲ್ಲಿ ಒಂದು ಕ್ಷಣ ತಡವರಿಸಿ ಕೆಳಗಿಳಿಯಿತು. ಅವನು ಯಾರನ್ನೂ ಏನೂ ಕೇಳಲಿಲ್ಲ. ಪ್ಯಾಂಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಗೀರಿ, ಹಚ್ಚಿಕೊಂಡ.)

ಯಜಮಾನರು: (ಸ್ಟೂಲನ್ನು ಗಾಳಿಯ ಇನ್ನೊಂದು ಬದಿಗೆ ಎಳೆದುಕೊಳ್ಳುತ್ತ) ಗೇಟಲ್ಲಿ ಜೇಬು ತಡಕಬೇಕಿತ್ತು ಕಣಪ್ಪ. ಇನ್ನೊಂದು ಟೀ ಹಾಕು, ಸಕ್ಕರೆ ಬೇಡ.